ಕಾರ್ಡಕ್ಕನ ಎತ್ತರ

ನೀರು ಸರಬರಾಜು ಇಲಾಖೆಯ ಮೂರನೆಯ ಮಹಡಿಯಲ್ಲಿ ಒಂದು ಗ್ರಂಥಾಲಯವಿದೆ ಎಂಬುದು ಆ ಕಟ್ಟಡದ ಮೊದಲ ಮಹಡಿಯವರಿಗೆ ಗೊತ್ತಿರಲಿಲ್ಲ. ಎರಡನೆಯ ಮಹಡಿಯವರಿಗೆ ಗೊತ್ತಿತ್ತು. ಆದರೆ ಅಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂಬಷ್ಟೇ ಗೊತ್ತಿತ್ತು. ದಿನಕ್ಕೆ ಮೂವರು ಓದುಗರು ಬರುತ್ತಿದ್ದರು. ಅವರಲ್ಲಿ ಇಬ್ಬರು ಊಟವಾದ ಮೇಲೆ ಕೊಳವೆಗಳ ಕೈಪಿಡಿಯನ್ನು ಎದೆಯ ಮೇಲೆ ಹೊದ್ದುಕೊಂಡು ನಿದ್ದೆ ಹೋಗುವ ಎಂಜಿನಿಯರುಗಳು. ಮೂರನೆಯವನು ಅವರನ್ನು ಎಬ್ಬಿಸಲು ಬರುವ ಜವಾನ.

ಈ ಕೋಣೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಒಬ್ಬಳೇ ಕೂತಿದ್ದವಳಿಗೆ ಊರಿನ ಗ್ರಂಥಪಾಲಕರು ಇಟ್ಟ ಹೆಸರು ಕಾರ್ಡಕ್ಕ. ಇಲಾಖೆಗೆ ಕಂಪ್ಯೂಟರ್ ಬಂದ ವರ್ಷ, ಪುಸ್ತಕಗಳ ವಿವರ ಬರೆದಿಟ್ಟ ಹಳೆಯ ಕಾರ್ಡುಗಳನ್ನೆಲ್ಲ ರದ್ದಿಗೆ ಹಾಕಿ ಎಂದು ಆದೇಶ ಬಂತು. ಹದಿನಾಲ್ಕು ಸಾವಿರ ಕಾರ್ಡು. ಕಾರ್ಡಕ್ಕ ಅವನ್ನು ನಾಲ್ಕು ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದಳು. ಹಿಂಬದಿ ಇನ್ನೂ ಬೆಳ್ಳಗಿರುವ ಕಾಗದವನ್ನು ಎಸೆಯಲು ಅವಳಿಗೆ ಕೈ ಬರಲಿಲ್ಲ. ಅಂದಿನಿಂದ ಅವಳು ಏನು ಬರೆದರೂ ಕಾರ್ಡಿನ ಬೆನ್ನ ಮೇಲೆಯೇ ಬರೆದಳು. ಗಂಡನ ಊಟದ ಡಬ್ಬಿಯಲ್ಲಿ 'ಮಜ್ಜಿಗೆ ಚೆಲ್ಲೀತು, ನಿಧಾನ' ಎಂಬ ಚೀಟಿ ಇರುತ್ತಿತ್ತು. ಅದರ ಮುಂಬದಿಯಲ್ಲಿ 'ಒಳಚರಂಡಿ: ತತ್ವ ಮತ್ತು ಪ್ರಯೋಗ, ಎರಡನೆಯ ಆವೃತ್ತಿ, ಎತ್ತರ ಇಪ್ಪತ್ತೆರಡು ಸೆಂ.ಮೀ., ಜೊತೆಗೆ: ನಕಾಶೆ ಎರಡು' ಎಂದಿರುತ್ತಿತ್ತು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಎರಡೂ ಬದಿ ಓದಿ, ಮಡಚಿ, ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ.

ಪುಸ್ತಕದ ಕಾರ್ಡಿನಲ್ಲಿ ಎತ್ತರ ಯಾಕೆ ಬರೆಯುತ್ತಾರೆಂದರೆ, ಅದು ಯಾವ ಹಲಗೆಯಲ್ಲಿ ಕೂರುತ್ತದೆ ಎಂದು ತಿಳಿಯಲಿಕ್ಕೆ. ಕಾರ್ಡಕ್ಕನಿಗೆ ಅಳತೆಪಟ್ಟಿಯೇ ಬೇಕಿರಲಿಲ್ಲ. ಕಣ್ಣಲ್ಲೇ ನೋಡಿ ಹೇಳುತ್ತಿದ್ದಳು. ಅರ್ಧ ಸೆಂಟಿಮೀಟರೂ ಆಚೀಚೆ ಆಗುತ್ತಿರಲಿಲ್ಲ.

ಒಂದೇ ಒಂದು ಎತ್ತರದ ವಿಷಯದಲ್ಲಿ ಮಾತ್ರ ಅವಳು ಬಾಯಿ ಬಿಡುತ್ತಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಅವಳ ಚಿಕ್ಕಮ್ಮ, 'ಹುಡುಗಿ ನೂರ ಐವತ್ತೇಳು ಸೆಂಟಿಮೀಟರ್' ಎಂದುಬಿಟ್ಟಿದ್ದರು. ಆ ಗಳಿಗೆಯಲ್ಲಿ ಹುಡುಗಿ ಎತ್ತರದ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಆಮೇಲೆ ಇಪ್ಪತ್ತೆರಡು ವರ್ಷ ಅದರಿಂದ ಕೆಳಗಿಳಿಯಲೇ ಇಲ್ಲ. ಮನೆಯೊಳಗೂ ದಪ್ಪ ಅಟ್ಟೆಯ ಚಪ್ಪಲಿ. ಕೇಳಿದರೆ, "ಹಿಮ್ಮಡಿ ನೋವು, ಡಾಕ್ಟರು ಹೇಳಿದ್ದಾರೆ" ಎನ್ನುತ್ತಿದ್ದಳು. ಯಾವ ಡಾಕ್ಟರು ಎಂದು ಅವಳ ಅತ್ತೆ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಗಂಡ ಕೇಳುತ್ತಿರಲಿಲ್ಲ. ಅವನಿಗೆ ಬೇರೆ ತೊಂದರೆ ಇತ್ತು: ಆ ಮನೆಯ ಅಡುಗೆಕೋಣೆಯ ಹಲಗೆ ತುಸು ತಗ್ಗಿನಲ್ಲಿದ್ದು, ದಿನಕ್ಕೊಮ್ಮೆ ಅವನ ಹಣೆಗೆ ತಾಗುತ್ತಿತ್ತು.

ಕಾರ್ಡಕ್ಕ ರಾಷ್ಟ್ರೀಯ ಗ್ರಂಥಪಾಲಕರ ಸಂಘದ ಊರಿನ ಶಾಖೆಗೆ ಕಾರ್ಯದರ್ಶಿಯೂ ಆಗಿದ್ದಳು. ಹನ್ನೊಂದು ವರ್ಷದ ಹಿಂದೆ ಸಭೆಯ ನಡುವೆ ಕೈ ತೊಳೆಯಲು ಎದ್ದು ಹೋಗಿದ್ದಳು, ಬರುವಷ್ಟರಲ್ಲಿ ಕಾರ್ಯದರ್ಶಿಯಾಗಿದ್ದಳು. ಹಾಗೆ ಕುತ್ತಿಗೆಗೆ ಬಿದ್ದ ಕೆಲಸವನ್ನು ಅವಳು ಎದೆಗೆ ಹಚ್ಚಿಕೊಂಡಳು. ಅದಕ್ಕೆ ಕಾರಣವಿತ್ತು. ಒಮ್ಮೆ ಅವಳ ಗ್ರಂಥಾಲಯದ ಹದಿನಾರು ಸಂಪುಟಗಳ ಮಾಲೆಯಲ್ಲಿ ಹನ್ನೆರಡನೆಯ ಸಂಪುಟ ಕಳೆದುಹೋದಾಗ ಇಲಾಖೆಯವರು, "ಉಳಿದ ಹದಿನೈದು ಇವೆಯಲ್ಲಮ್ಮ" ಎಂದರು. ಶಾಖೆಯ ಸಭೆಯಲ್ಲಿ ಅದನ್ನೇ ಹೇಳಿದಾಗ ಒಂಬತ್ತು ಜನ ಒಟ್ಟಿಗೆ ಎದೆಗೆ ಕೈಯಿಟ್ಟುಕೊಂಡರು. ಒಬ್ಬರು ನೀರು ತಂದುಕೊಟ್ಟರು. ಪ್ರಪಂಚದಲ್ಲಿ ತನ್ನ ಭಾಷೆ ಆಡುವವರು ಒಂಬತ್ತು ಜನರಾದರೂ ಇದ್ದಾರೆ ಎಂದು ಅವಳಿಗೆ ಗೊತ್ತಾದದ್ದು ಅಂದು.

ತೊಂದರೆಯೆಂದರೆ ಸದಸ್ಯರು ಮೂವತ್ತೆಂಟು ಜನ ಇದ್ದರು, ಬರುವವರು ಮಾತ್ರ ಒಂಬತ್ತೇ. ಮರುವರ್ಷ ಏಳು. ಅದರ ಮರುವರ್ಷ ಆರು. ಕಾರ್ಡಕ್ಕ ಮಾಡದ ಚಟುವಟಿಕೆಯಿರಲಿಲ್ಲ. ಹರಿದ ಪುಸ್ತಕಕ್ಕೆ ಅಂಟು ಹಚ್ಚುವ ಶಿಬಿರ ಮಾಡಿದಳು. ನಾಲ್ವರು ಬಂದರು, ಅದರಲ್ಲಿ ಇಬ್ಬರು ಗಂಡ ಮತ್ತು ಅತ್ತೆ. 'ಧೂಳು: ನಮ್ಮ ನಿತ್ಯ ಸಂಗಾತಿ' ಎಂಬ ಉಪನ್ಯಾಸ ಇಟ್ಟಳು, ಉಪನ್ಯಾಸಕರು ಮಾದರಿಗೆಂದು ತಂದಿದ್ದ ಧೂಳಿನ ಪೊಟ್ಟಣ ಬಿಚ್ಚಿಕೊಂಡು, ಇದ್ದ ಐವರೂ ಸೀನುತ್ತ ಮನೆಗೆ ಹೋದರು.

ಕೊನೆಗೆ ಕೇಂದ್ರ ಸಂಘದಿಂದ ಒಂದು ಪತ್ರ ಬಂತು. 'ಸದಸ್ಯರ ಸಕ್ರಿಯ ಪಾಲ್ಗೊಳ್ಳುವಿಕೆ' ಎಂಬ ಮಾತು ಅದರಲ್ಲಿ ಏಳು ಸಲ ಇತ್ತು. ಎಂಟನೆಯ ಸಾಲು ಸರಳವಾಗಿತ್ತು: ಈ ಸಲದ ವಾರ್ಷಿಕ ಸಭೆಗೆ ನೋಂದಾಯಿತ ಸದಸ್ಯರಲ್ಲಿ ಇಪ್ಪತ್ತೈದು ಜನ ಹಾಜರಿರದಿದ್ದರೆ ಶಾಖೆಯನ್ನು ಮುಚ್ಚಿ, ಬಸ್ಸಿನಲ್ಲಿ ಐದು ಗಂಟೆ ದೂರದ ಇನ್ನೊಂದು ಊರಿನ ಶಾಖೆಗೆ ಸೇರಿಸಲಾಗುವುದು. ಎಣಿಸಲು ಒಬ್ಬ ವೀಕ್ಷಕರು ಬರುತ್ತಾರೆ.

"ಒಳ್ಳೇದಾಯ್ತು, ಭಾನುವಾರ ಮನೇಲಿರ್ತೀಯ" ಎಂದರು ಅತ್ತೆ. ಸೊಸೆಯ ಮುಖ ನೋಡಿ, ದನಿ ತಗ್ಗಿಸಿ, "ಇಪ್ಪತ್ತೈದು ಜನ ಬೇಕಾ? ನನ್ನನ್ನ ಎಷ್ಟು ಸಲ ಎಣಿಸಬಹುದು?" ಎಂದು ಕೇಳಿದರು.

ಅಂದು ಸಂಜೆ ಗಂಡ ತನ್ನ ಮುತ್ತಿನಂಥ ಅಕ್ಷರದಲ್ಲಿ ಮೂವತ್ತೇಳು ಲಕೋಟೆಗಳ ಮೇಲೆ ವಿಳಾಸ ಬರೆದುಕೊಟ್ಟ. ಮರುದಿನ ಮಧ್ಯಾಹ್ನ ಕಚೇರಿಯಲ್ಲಿ ಕರೆಂಟು ಹೋಗಿ, ಎಂಜಿನಿಯರುಗಳು ಬೆವತು ಎದ್ದು ಹೋದ ಮೇಲೆ, ಕಾರ್ಡಕ್ಕ ಮಬ್ಬು ಬೆಳಕಿನಲ್ಲಿ ಡ್ರಾಯರಿನಿಂದ ಬಿಳಿ ದಾರ ಕಟ್ಟಿದ ಕಾರ್ಡಿನ ಕಟ್ಟು ತೆಗೆದು, ಬೆನ್ನ ಮೇಲೆ ಆಹ್ವಾನ ಬರೆದಳು: 'ಭಾನುವಾರ ಹತ್ತು ಗಂಟೆ, ಹಳೆಯ ಸಾರ್ವಜನಿಕ ಗ್ರಂಥಾಲಯದ ವಾಚನಾಲಯ. ದಯವಿಟ್ಟು ಬನ್ನಿ. ನಮ್ಮ ಶಾಖೆ ಉಳಿಯಬೇಕು.' ಮೂವತ್ತೇಳು ಸಲ ಬರೆದು, ಲಕೋಟೆಗೆ ತುರುಕಿ, ಅಂಚೆಗೆ ಹಾಕಿ ಬಂದಳು. ಮುಂಬದಿಯಲ್ಲಿ ಏನಿದೆ ಎಂದು ನೋಡಲಿಲ್ಲ. ಹದಿನಾಲ್ಕು ಸಾವಿರ ಕಾರ್ಡಿನ ಮುಂಬದಿಯಲ್ಲಿ ಒಳಚರಂಡಿಯೇ ಇರುವಾಗ ಯಾರು ತಿರುಗಿಸಿ ನೋಡುತ್ತಾರೆ?

ಎರಡು ದಿನದ ಮೇಲೆ ಫೋನ್ ಬಂತು. ಮಕ್ಕಳ ಗ್ರಂಥಾಲಯದವಳು, ಶಾಖೆಯಲ್ಲಿ ಎಲ್ಲರಿಗಿಂತ ಕಿರಿಯಳು, ನಗು ಶುರುವಾದರೆ ನಿಲ್ಲದವಳು.

"ಅಕ್ಕಾ, ಕೋರ್ಟಿನ ಗ್ರಂಥಾಲಯದವರು ಮೂರು ಸಂಪುಟ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಯಾವ ಮೂರು ಸಂಪುಟ?"

"ನೀವೇ ಕಳಿಸಿದ್ದೀರಲ್ಲ. 'ಮೂರು ಸಂಪುಟ. ಮೊದಲನೆಯದನ್ನು ಓದಿ ಮುಗಿಸಿದವರಿಲ್ಲ. ಎತ್ತರ ನೂರ ಅರವತ್ತಾರು.' ಅಕ್ಕಾ, ನನ್ನ ಕಾರ್ಡು ಯಾರ ಹತ್ರ ಹೋಯ್ತು?"

ಕಾರ್ಡಕ್ಕ ಫೋನ್ ಇಟ್ಟು ಡ್ರಾಯರ್ ಎಳೆದಳು. ಖಾಲಿ ಬೆನ್ನಿನ ರದ್ದಿ ಕಾರ್ಡುಗಳ ಕಟ್ಟು ಬಿಳಿ ದಾರದಲ್ಲಿ ಹಾಗೇ ಕೂತಿತ್ತು. ಇನ್ನೊಂದು ಬಿಳಿ ದಾರದ ಕಟ್ಟು ಇರಲಿಲ್ಲ.

ಆ ಇನ್ನೊಂದು ಕಟ್ಟು ಶಾಖೆಯ ಸದಸ್ಯತ್ವದ ನೋಂದಣಿ. ಹೆಸರು, ಕೆಲಸದ ಜಾಗ, ಫೋನ್ ಸಂಖ್ಯೆ ಇಷ್ಟೇ ಬರೆದರೆ ಮನುಷ್ಯರು ಬಹಳ ತೆಳ್ಳಗೆ ಕಾಣುತ್ತಾರೆ ಎಂದು ಕಾರ್ಡಕ್ಕ ಪ್ರತಿ ಸದಸ್ಯರಿಗೂ ಪುಸ್ತಕಕ್ಕೆ ಬರೆಯುವ ಹಾಗೆಯೇ, ಇದೊಂದಕ್ಕೆ ಮಾತ್ರ ಹೊಸ ಕಾರ್ಡು ತೆಗೆದು, ಬರೆದಿದ್ದಳು: ಎತ್ತರದ ಖಾನೆ, ಟಿಪ್ಪಣಿಯ ಖಾನೆ, ಜೊತೆಗೇನಿದೆ ಎಂಬ ಖಾನೆ, ಎಲ್ಲ. ಹನ್ನೊಂದು ವರ್ಷದಲ್ಲಿ ಅದನ್ನು ಅವಳು ಬಿಟ್ಟು ಯಾರೂ ತೆರೆದು ನೋಡಿರಲಿಲ್ಲ. ಈಗ ಅದು ಒಂದೊಂದಾಗಿ, ಒಬ್ಬರದು ಇನ್ನೊಬ್ಬರ ಕೈಗೆ, ಊರು ತುಂಬ ಹಂಚಿಹೋಗಿತ್ತು.

ಮನೆಯಲ್ಲಿ ಅವಳು ಊಟ ಬಿಟ್ಟಳು. ಅತ್ತೆ ಪಕ್ಕದಲ್ಲಿ ಕೂತು, ತಟ್ಟೆ ಮುಂದಕ್ಕೆ ತಳ್ಳಿದರು.

"ನನ್ನ ಬಗ್ಗೆ ಏನು ಬರೆದಿದ್ದೀಯ?"

"ನೀವು ಸದಸ್ಯರಲ್ಲವಲ್ಲ ಅತ್ತೆ."

"ಸದ್ಯ, ಬದುಕಿಕೊಂಡೆ. ಈಗ ಉಣ್ಣು. ಬೈಸಿಕೊಳ್ಳೋಕೂ ತ್ರಾಣ ಬೇಕು."

ಭಾನುವಾರ ಒಂಬತ್ತೂವರೆಗೆ ಕಾರ್ಡಕ್ಕ ವಾಚನಾಲಯದ ಮೂಲೆಯಲ್ಲಿ ಕುರ್ಚಿ ಹಾಕುತ್ತಿದ್ದಳು. ಎಷ್ಟು ಹಾಕಬೇಕೆಂದು ತಿಳಿಯದೆ ಆರು ಹಾಕಿದಳು. ಕೋಣೆಯ ಇನ್ನೊಂದು ತುದಿಯಲ್ಲಿ ಪತ್ರಿಕೆ ಓದುವ ಹಿರಿಯರು ಸಾಲಾಗಿ ಕೂತಿದ್ದರು. ಅವರ ನಡುವೆ, ಗಲಾಟೆ ನೋಡಲೆಂದೇ ಬಂದ ಅತ್ತೆ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಗಂಡ ಚಹಾದ ಫ್ಲಾಸ್ಕು ಕಾಯುತ್ತಿದ್ದ. ಶಾಖೆಯ ಅಧ್ಯಕ್ಷರು ಆಗಲೇ ಬಂದಿದ್ದರು. ನಿವೃತ್ತ ಕಾಲೇಜು ಗ್ರಂಥಪಾಲಕರು. ನಲವತ್ತು ವರ್ಷ ಸೇವೆಯಲ್ಲಿ ಆಡಿದ ಮಾತಿಗಿಂತ 'ಶ್' ಎಂದದ್ದೇ ಹೆಚ್ಚಾಗಿ, ಶ್ ಮೇಷ್ಟ್ರು ಎಂದೇ ಹೆಸರಾದವರು. ವಾಚನಾಲಯದಲ್ಲಿ ಸಭೆಯಾದ್ದರಿಂದ, ಅವರ ಕಟ್ಟಪ್ಪಣೆಯಂತೆ, ಶಾಖೆಯ ಸಭೆಗಳೆಲ್ಲ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಜಗಳವೂ ಪಿಸುಮಾತಿನಲ್ಲೇ.

ಕೇಂದ್ರದ ವೀಕ್ಷಕರು ಬಗಲಲ್ಲಿ ಕಡತ ಹಿಡಿದು ಬಂದರು. ಸಣಕಲು ಮನುಷ್ಯ, ಬಾಗಿದ ಬೆನ್ನು. ಹದಿನಾಲ್ಕು ಶಾಖೆಗಳ ಸಭೆಯಲ್ಲಿ ಕೂತು ಹದಿನಾಲ್ಕರಲ್ಲೂ ತೂಕಡಿಸಿದ್ದರು. ಇಲ್ಲಿ ಗೋಡೆಗೆ ಒರಗುವಂಥ ಕುರ್ಚಿ ಮೊದಲೇ ಆರಿಸಿಕೊಂಡರು.

ಹತ್ತಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ಚಪ್ಪಲಿಗಳ ಸದ್ದಾಯಿತು. ಮೊದಲು ಮೂವರು, ಆಮೇಲೆ ಐವರು, ಆಮೇಲೆ ಎಣಿಸಲಾಗದಷ್ಟು. ಎಂಟು ವರ್ಷದಿಂದ ಮುಖ ತೋರಿಸದವರು, ಕಾಲಿಗೆ ಪಟ್ಟಿ ಕಟ್ಟಿಕೊಂಡವರು, ಶಾಖೆ ಬಿಟ್ಟೆನೆಂದು ಸಾರಿದ್ದವರು. ಎಲ್ಲರ ಕೈಯಲ್ಲೂ ಒಂದೊಂದು ಕಾರ್ಡು. ಕಾರ್ಡಕ್ಕ ಗೋಡೆಗೆ ಆತು ನಿಂತಳು.

ಕಾಲಿಗೆ ಪಟ್ಟಿ ಕಟ್ಟಿಕೊಂಡವರು ಮೊದಲು ಬಂದರು. "ಏನಮ್ಮಾ ನೀನು? ಮೂರು ದಿನದಿಂದ ಊಟ ಸೇರ್ತಿಲ್ಲ ನನಗೆ."

"ತಪ್ಪಾಯ್ತು ಸಾರ್. ಬೇಜಾರು ಮಾಡಿದೆ."

"ಬೇಜಾರಲ್ಲಮ್ಮ. ಬೇರೆಯವರ ಕಾರ್ಡು ನನ್ನ ಮನೇಲಿದ್ರೆ ನಾನು ಹೇಗೆ ಉಣ್ಣಲಿ? ತಪ್ಪು ಜಾಗದಲ್ಲಿ ಕೂತಿದೆಯಲ್ಲ ಅದು. ತಗೋ, ಮೊದಲು ಡ್ರಾಯರಿಗೆ ಹಾಕು."

ಬಂದವರೆಲ್ಲರ ಸಂಕಟ ಅದೇ ಆಗಿತ್ತು. ಸಭೆ ಎಂದರೆ ಅವರು ಬರುವವರಲ್ಲ, ಶಾಖೆ ಮುಳುಗುತ್ತದೆ ಎಂದರೂ ಬರುವವರಲ್ಲ. ಆದರೆ ಒಂದು ಕಾರ್ಡು ತನ್ನ ಜಾಗ ಬಿಟ್ಟು ಬೇರೆ ಕಡೆ ಇದೆ ಎಂದರೆ ಜ್ವರ ಬಂದಿದ್ದರೂ ಎದ್ದು ಬಂದು ಸರಿಯಾದ ಜಾಗಕ್ಕೆ ಸೇರಿಸಿ ಹೋಗುವ ಜಾತಿ ಅದು. ಬರಲಾಗದವರು ಕಾರ್ಡನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದರು, ಒದ್ದೆಯಾಗದಂತೆ ಪ್ಲಾಸ್ಟಿಕ್ ಸುತ್ತಿ.

ಸರಿ, ತಂದದ್ದಾಯಿತು. ಇನ್ನು ತಮ್ಮ ತಮ್ಮದನ್ನು ಓದದೆ ಇರುತ್ತಾರೆಯೇ? ಮೂಲೆಯ ತುಂಬ ಪಿಸುಪಿಸು ಎದ್ದಿತು. ಶ್ ಮೇಷ್ಟ್ರು ತಮ್ಮ ಕಾರ್ಡನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು: 'ಮೊದಲ ಆವೃತ್ತಿ. ಮರುಮುದ್ರಣವಿಲ್ಲ. ಮೇಲೆ ಧೂಳು, ಒರೆಸಲು ಹೋದರೆ ಮುನಿಸು.' ಕರವಸ್ತ್ರ ತೆಗೆದು ಹೆಗಲು ಒರೆಸಿಕೊಂಡರು. ಮಕ್ಕಳ ಗ್ರಂಥಾಲಯದವಳಿಗೆ 'ಸಚಿತ್ರ. ಪುಟಗಳು ಸಡಿಲ. ಬೇಡಿಕೆ ವಿಪರೀತ' ಎಂದಿತ್ತು. ಅವಳು ನಗು ತಡೆಯಲಾರದೆ ಹೊರಗೆ ಓಡಿ ಹೋಗಿ, ನಕ್ಕು ಮುಗಿಸಿ, ಒಳಗೆ ಬಂದಳು.

ಕೋರ್ಟಿನ ಗ್ರಂಥಾಲಯದವರು ಮಾತ್ರ ಎದ್ದು ನಿಂತರು. ಕಾನೂನು ಪುಸ್ತಕಗಳ ನಡುವೆ ಬೆಳೆದ ಮನುಷ್ಯ. ನೀರು ಬೇಕೆಂದರೂ ಪೀಠಿಕೆ ಹಾಕಿ ಕೇಳುವವರು.

"ಮೂರು ಸಂಪುಟ ಅಂದದ್ದಕ್ಕೆ ನನ್ನ ತಕರಾರಿಲ್ಲ" ಎಂದು ಪಿಸುಗುಟ್ಟಿದರು. "ಅದನ್ನ ಹೊಗಳಿಕೆ ಅಂತಲೇ ತಗೊಂಡಿದ್ದೇನೆ. ಎತ್ತರದ ಬಗ್ಗೆ ತಕರಾರು. ನಾನು ನೂರ ಎಪ್ಪತ್ತು. ನೀವು ಅರವತ್ತಾರು ಅಂತ ಬರೆದಿದ್ದೀರಿ."

ತಪ್ಪಾಯಿತು ಎಂದು ಹೇಳಬೇಕಾದ ಜಾಗ ಅದು. ಬೆಳಗ್ಗೆಯಿಂದ ಹೇಳುತ್ತಲೂ ಇದ್ದಳು. ಆದರೆ ಅಳತೆ ತಪ್ಪು ಎಂದಾಗ ಕಾರ್ಡಕ್ಕನಿಗೆ ಕಿವಿಯವರೆಗೂ ಬಿಸಿ ಏರಿತು.

"ಅರವತ್ತಾರೇ ಸಾರ್."

"ಎಪ್ಪತ್ತು."

"ಶೂ ಬಿಚ್ಚಿ ಸಾರ್."

"ಶೂ ಯಾಕೆ?"

"ಪುಸ್ತಕ ಅಳೆಯುವಾಗ ಹಲಗೆ ಸೇರಿಸಿ ಅಳೀತೀವಾ? ಬಿಚ್ಚಿ."

ರಟ್ಟು ಕಟ್ಟುವವರ ಅಳತೆಪಟ್ಟಿ ಒಬ್ಬರ ಚೀಲದಲ್ಲಿತ್ತು. ಅದಿಲ್ಲದೆ ಅವರು ಮನೆ ಬಿಡುತ್ತಿರಲಿಲ್ಲ. ಕೋರ್ಟಿನವರನ್ನು ಮರದ ಕಪಾಟಿಗೆ ಬೆನ್ನು ಹಚ್ಚಿ ನಿಲ್ಲಿಸಿದರು. ತಲೆಯ ಮೇಲೆ ಸಮವಾಗಿ ಕೂರುವಂತೆ ಒಂದು ದಪ್ಪ ನಿಘಂಟು ಇಟ್ಟರು. ಅಳೆದರು. ನೂರ ಅರವತ್ತಾರು. ಕೋರ್ಟಿನವರು ಇನ್ನೊಮ್ಮೆ ಅಳೆಯಬೇಕೆಂದು ಮೇಲ್ಮನವಿ ಸಲ್ಲಿಸಿದರು. ನೂರ ಅರವತ್ತಾರಕ್ಕೂ ಒಂದು ಕೂದಲೆಳೆ ಕಡಿಮೆ ಬಂತು.

ಆಮೇಲೆ ಎಲ್ಲರಿಗೂ ಹುಚ್ಚು ಹತ್ತಿತು. ಸಾಲು ನಿಂತರು. ಹನ್ನೆರಡು ಜನರನ್ನು ಅಳೆದರು, ಹನ್ನೆರಡೂ ಸರಿ. ಶಾಖೆಯ ಇತಿಹಾಸದಲ್ಲಿ ಯಾವ ಉಪನ್ಯಾಸಕ್ಕೂ ಇಷ್ಟು ಜನ ಎದ್ದು ನಿಂತದ್ದಿಲ್ಲ. ತೂಕಡಿಸಲು ಕೂತಿದ್ದ ವೀಕ್ಷಕರು ಕುರ್ಚಿಯ ಅಂಚಿಗೆ ಬಂದಿದ್ದರು. ಪತ್ರಿಕೆ ಓದುವ ಹಿರಿಯರೂ ಪುಟ ತಿರುಗಿಸುವುದನ್ನು ನಿಲ್ಲಿಸಿದ್ದರು. ಕಾರ್ಡಕ್ಕ ಪ್ರತಿ ಅಳತೆಗೂ ಮೊದಲು ಸಂಖ್ಯೆ ಹೇಳಿ, ಆಮೇಲೆ ಪಟ್ಟಿಯತ್ತ ನೋಡದೆ ಕಿಟಕಿಯತ್ತ ನೋಡುತ್ತಿದ್ದಳು. ಅಷ್ಟು ಜಂಭ ಬಂದಿತ್ತು ಅವಳಿಗೆ.

"ಸರಿ, ಎಣಿಸೋಣ" ಎಂದರು ವೀಕ್ಷಕರು. ಒಬ್ಬೊಬ್ಬರ ಮುಖ, ಒಬ್ಬೊಬ್ಬರ ಕಾರ್ಡು ಹೊಂದಿಸಿ ಗುರುತು ಹಾಕಿದರು. "ಇಪ್ಪತ್ನಾಲ್ಕು."

"ಇನ್ನೊಂದು ಸಲ ಎಣಿಸಿ ಸಾರ್" ಎಂದರು ಶ್ ಮೇಷ್ಟ್ರು.

"ಇಪ್ಪತ್ನಾಲ್ಕೇ."

"ನನ್ನನ್ನ ಬಿಟ್ಟಿದ್ದೀರಿ" ಎಂದಳು ಕಾರ್ಡಕ್ಕ, ಉಸಿರು ಬಿಟ್ಟು. "ನನ್ನನ್ನ ಸೇರಿಸಿದ್ರೆ ಇಪ್ಪತ್ತೈದು."

"ಖಂಡಿತ. ನಿಮ್ಮ ಕಾರ್ಡು ಕೊಡಿ."

ಅವಳ ಕಾರ್ಡು ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಹತ್ತು ಸಲ ಬರೆಯಲು ಕೂತಿದ್ದಳು, ಎತ್ತರದ ಖಾನೆಯವರೆಗೆ ಬಂದು ಹತ್ತು ಸಲ ಹರಿದಿದ್ದಳು.

"ಈಗಲೇ ಒಂದು ಬರೆದುಬಿಡಿ, ಅದಕ್ಕೇನು" ಎಂದರು ವೀಕ್ಷಕರು. "ಆದರೆ ಪೂರ್ತಿ ಬರೀಬೇಕು. ಖಾಲಿ ಖಾನೆ ಇರೋ ಕಾರ್ಡು ಲೆಕ್ಕಕ್ಕಿಲ್ಲ ಅಂತ ನಿಮ್ಮ ಶಾಖೆಯ ನಿಯಮವೇ ಇದೆ. ಇಲ್ಲಿ ಬರೆದಿದೆ, ಮಂಡಿಸಿದವರು ಕಾರ್ಯದರ್ಶಿ."

ಗಂಡ ಚಹಾದ ಪಕ್ಕದಿಂದ ಒಂದು ರದ್ದಿ ಕಾರ್ಡು ತಂದುಕೊಟ್ಟ. ಕಾರ್ಡಕ್ಕ ಹೆಸರು ಬರೆದಳು. ಕೆಲಸದ ಜಾಗ ಬರೆದಳು. ಫೋನ್ ಸಂಖ್ಯೆ ಬರೆದಳು. ಪೆನ್ನು ಎತ್ತರದ ಖಾನೆಯ ಮೇಲೆ ಬಂದು ನಿಂತಿತು. ನೂರ ಐವತ್ತೇಳು ಎಂದು ಬರೆದರೆ ಮುಗಿಯಿತು. ಇಪ್ಪತ್ತೆರಡು ವರ್ಷ ಹೇಳಿದ ಸಂಖ್ಯೆ, ಬಾಯಿಗೆ ಅಭ್ಯಾಸವಾದದ್ದು. ಆದರೆ ಬಾಯಿಯಲ್ಲಿ ಹೇಳಿದ್ದು ಬೇರೆ, ಕಾರ್ಡಿನ ಮೇಲೆ ಬರೆಯುವುದು ಬೇರೆ. ಕಾರ್ಡಿನ ಮೇಲೆ ಅವಳು ಈವರೆಗೆ ಸುಳ್ಳು ಬರೆದವಳಲ್ಲ, ಒಳಚರಂಡಿಯ ಬಗ್ಗೆ ಕೂಡ. ಪೆನ್ನು ಕೆಳಗಿಳಿಯಲಿಲ್ಲ.

"ಅಳೆಯೋಣ" ಎಂದು ಪಿಸುಗುಟ್ಟಿದರು ಕೋರ್ಟಿನವರು. ಬೆಳಗಿನಿಂದ ಮೊದಲ ಸಲ ಅವರ ಮುಖ ಅರಳಿತ್ತು. "ನ್ಯಾಯ ಎಲ್ಲರಿಗೂ ಒಂದೇ ಅಲ್ಲವಾ? ಚಪ್ಪಲಿ ಬಿಚ್ಚಿ, ಅಕ್ಕ."

ಕಾರ್ಡಕ್ಕ ಸುತ್ತ ನೋಡಿದಳು. ಇಪ್ಪತ್ನಾಲ್ಕು ಜನ. ಹನ್ನೆರಡನೆಯ ಸಂಪುಟ ಕಳೆದಾಗ ನೀರು ತಂದುಕೊಟ್ಟವರು ಅವರಲ್ಲಿದ್ದರು. ದೂರದಲ್ಲಿ ಅತ್ತೆಯ ಪತ್ರಿಕೆ ಒಂದಿಷ್ಟು ಕೆಳಗಿಳಿದು, ಎರಡು ಕಣ್ಣು ಕಾಣುತ್ತಿದ್ದವು. ಐದು ಗಂಟೆಯ ಬಸ್ಸಿನ ದಾರಿ ನೆನಪಾಯಿತು. ಅಲ್ಲಿ ಯಾರೋ ಅಪರಿಚಿತರು, 'ಉಳಿದ ಹದಿನೈದು ಇವೆಯಲ್ಲ' ಎನ್ನುವುದು ಕೇಳಿಸಿತು.

ಅವಳು ಬಲಗಾಲಿನ ಚಪ್ಪಲಿ ಬಿಚ್ಚಿದಳು. ಒಂದು ಕಡೆ ವಾಲಿದಳು. ಎಡಗಾಲಿನದನ್ನೂ ಬಿಚ್ಚಿದಳು. ಇಡೀ ವಾಚನಾಲಯ ಅವಳ ಕಣ್ಣಿಗೆ ಎರಡು ಬೆರಳು ಮೇಲಕ್ಕೆ ಹೋಯಿತು. ಕಪಾಟಿಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ ನಿಂತಳು. ನಿಘಂಟು ತಲೆಯ ಮೇಲೆ ಕೂತಿತು. ಅದು ಅಷ್ಟು ಭಾರ ಎಂದು ಯಾರೂ ಹೇಳಿರಲಿಲ್ಲ.

ಮಕ್ಕಳ ಗ್ರಂಥಾಲಯದವಳು ಪಟ್ಟಿ ಹಿಡಿದು, ಬಗ್ಗಿ ನೋಡಿ, ಗಂಟಲಲ್ಲೇ ಏನೋ ಅಂದಳು.

"ಎಷ್ಟು?"

"ನೂರ ಐವತ್ತ..."

"ಜೋರಾಗಿ ಹೇಳು" ಎಂದರು ಶ್ ಮೇಷ್ಟ್ರು.

ಅವರ ಬಾಯಲ್ಲಿ ಆ ಮಾತು ಕೇಳಿ ಎಲ್ಲರೂ ಅವರ ಕಡೆ ತಿರುಗಿದರು. ಮೇಷ್ಟ್ರು ತಾವೇ ಬೆಚ್ಚಿ, ತಮಗೆ ತಾವೇ ಮೆಲ್ಲಗೆ 'ಶ್' ಎಂದುಕೊಂಡರು. ಅಷ್ಟರಲ್ಲಿ ಮಕ್ಕಳ ಗ್ರಂಥಾಲಯದವಳು ಇಡೀ ಕೋಣೆಗೆ ಕೇಳುವಂತೆ ಹೇಳಿಬಿಟ್ಟಿದ್ದಳು.

"ನೂರ ಐವತ್ತಮೂರು."

ಪತ್ರಿಕೆಗಳ ಸಾಲಿನಿಂದ ಒಂದು ಹೆಣ್ಣುದನಿ ಬಂತು: "ನಾನು ಮದುವೆ ದಿನವೇ ಹೇಳಿದ್ದೆ."

ಕಾರ್ಡಕ್ಕ ಬರೆದಳು: ನೂರ ಐವತ್ತಮೂರು ಸೆಂ.ಮೀ. ಇನ್ನೆರಡು ಖಾನೆ ಉಳಿದಿದ್ದವು. ತನ್ನ ಟಿಪ್ಪಣಿ ತಾನೇ ಬರೆದುಕೊಳ್ಳುವಂತಿಲ್ಲ ಎಂದು ಸದಸ್ಯರು ಕಾರ್ಡು ಕಿತ್ತುಕೊಂಡರು. ಇಪ್ಪತ್ತು ನಿಮಿಷ ಪಿಸುಮಾತಿನ ಕಾದಾಟವಾಯಿತು. ಕೋರ್ಟಿನವರ ಸಲಹೆಯೊಂದೇ ಕಾರ್ಡಿನ ಎರಡೂ ಬದಿ ತುಂಬುವಷ್ಟಿತ್ತು. ಕೊನೆಗೆ ಶ್ ಮೇಷ್ಟ್ರು ಬರೆದರು: 'ಟಿಪ್ಪಣಿ: ಅಳತೆಯಲ್ಲಿ ತಪ್ಪಿಲ್ಲ. ಜೊತೆಗೆ: ಎತ್ತರದ ಚಪ್ಪಲಿ, ಒಂದು ಜೊತೆ.'

ವೀಕ್ಷಕರು ಇಪ್ಪತ್ತೈದು ಎಂದು ಬರೆದು ಸಹಿ ಹಾಕಿದರು. ಪಾಲ್ಗೊಳ್ಳುವಿಕೆಯ ಖಾನೆಯಲ್ಲಿ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿ, 'ಸದಸ್ಯರು ನಿಂತೇ ಇದ್ದರು' ಎಂದು ಬರೆದರು. ಹೊರಡುವಾಗ ಕಡತವನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತ ನಿಂತರು.

"ನನ್ನದು ಎಷ್ಟಿರಬಹುದಮ್ಮ?"

ಬರಿಗಾಲಲ್ಲಿ ನಿಂತಿದ್ದ ಕಾರ್ಡಕ್ಕ ತಲೆಯೆತ್ತಿ ನೋಡಿದಳು. "ಅರವತ್ತೈದು. ಬೆನ್ನು ನೆಟ್ಟಗೆ ಮಾಡಿದ್ರೆ ಅರವತ್ತೊಂಬತ್ತು."

ಅವರು ಅರವತ್ತೊಂಬತ್ತಾಗಿ ಬಾಗಿಲು ದಾಟಿದರು.

ಸಂಜೆ ಮನೆಯಲ್ಲಿ ಕಾರ್ಡಕ್ಕ ಚಪ್ಪಲಿಯನ್ನು ಹೊಸ್ತಿಲಿನ ಹೊರಗೇ ಬಿಟ್ಟಳು. ಇನ್ನು ಹಿಮ್ಮಡಿ ನೋವಿಗೆ ಅರ್ಥವಿರಲಿಲ್ಲ. ಅಡುಗೆಕೋಣೆಯ ನೆಲ ಇಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಗಂಡ ಹಿಂದಿನಿಂದ ಬಂದ. ಹಲಗೆ ಅವನ ಹಣೆಗೆ ಎಂದಿನಂತೆ ತಾಗಿತು.

"ನಾಳೆ ಬಡಗಿಗೆ ಹೇಳಿ ಇದನ್ನ ಮೇಲೆ ಹೊಡೆಸಿಬಿಡಿ" ಎಂದಳು, ಅವನ ಮುಖ ನೋಡದೆ. "ಇಪ್ಪತ್ತೆರಡು ವರ್ಷದಿಂದ ತಾಗ್ತಾ ಇದೆ."

"ಯಾಕೆ? ಸರಿಯಾಗಿದೆಯಲ್ಲ."

"ಏನು ಸರಿ? ಯಾವ ದಡ್ಡ ಇಷ್ಟು ತಗ್ಗಲ್ಲಿ ಹೊಡೆದ ಇದನ್ನ?"

"ನಾನೇ ಹೊಡೆಸಿದ್ದು. ನೀನು ಈ ಮನೆಗೆ ಬಂದ ವಾರ." ಗಂಡ ಹಣೆ ಉಜ್ಜಿಕೊಂಡ. "ಕೈ ಎತ್ತಿ ನೋಡು."

ಕಾರ್ಡಕ್ಕ ಬರಿಗಾಲಲ್ಲಿ ನಿಂತು ಕೈ ಎತ್ತಿದಳು. ಹಿಮ್ಮಡಿ ನೆಲ ಬಿಡಲಿಲ್ಲ. ಬೆರಳು ಸಕ್ಕರೆ ಡಬ್ಬಿಯ ಮುಚ್ಚಳಕ್ಕೆ ನೇರ ಹೋಗಿ ಮುಟ್ಟಿತು. ಅರ್ಧ ಸೆಂಟಿಮೀಟರೂ ಆಚೀಚೆ ಇರಲಿಲ್ಲ.

"ನೂರ ಐವತ್ತಮೂರಕ್ಕೆ ಸರಿಯಾಗಿದೆ" ಎಂದ ಗಂಡ. "ಕಣ್ಣು ಅಳೆಯೋ ಅಂಗಡಿ ಇಟ್ಟುಕೊಂಡವನು ನಾನು. ನನಗೂ ಸ್ವಲ್ಪ ಕಣ್ಣಿದೆ."

ಹಜಾರದಿಂದ ಅತ್ತೆ ಕೂಗಿದರು. "ಆ ಡಾಕ್ಟರು ಯಾರು ಅಂತ ಈಗಾದರೂ ಹೇಳ್ತೀಯೇನೇ?"